ಬೆಳ್ಳಿಯಮ್ಮ ಕಿತ್ತ ಮೂವತ್ತೊಂದು ಗಿಡ

ಬೆಳ್ಳಿಯಮ್ಮನ ಕಣ್ಣು ಎಂದರೆ ಆ ಕಾಲಕ್ಕೆ ಕೊಯಮತ್ತೂರಿನ ಪಡುವಣ ದಿಕ್ಕಿನ ತೋಟಗಳಲ್ಲೆಲ್ಲ ಹೆಸರುವಾಸಿ. ಹತ್ತಿ ಹೊಲದ ಬದುವಿನ ಮೇಲೆ ನಿಂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಈ ತುದಿಯಿಂದ ಆ ತುದಿಗೆ ಒಮ್ಮೆ ಕಣ್ಣು ಹಾಯಿಸಿದಳೆಂದರೆ ಮುಗಿಯಿತು. "ಅಗೋ, ಅಲ್ಲೊಂದು ನಿಂತದೆ" ಎಂದು ನೇರ ಅದರ ಬಳಿಗೇ ನಡೆಯುತ್ತಿದ್ದಳು. ಎಲೆ ಒಂದು ಚೂರು ಅಗಲವಿರಲಿ, ಹೂವಿನ ಹಳದಿ ತುಸು ತೆಳುವಾಗಿರಲಿ, ಕಾಂಡದ ಮೇಲೆ ಇರಬಾರದ ನವಿರು ಇರಲಿ, ಬೇರೆ ಜಾತಿಯ ಗಿಡ ಅವಳಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ಬುಡಕ್ಕೆ ಕೈ ಹಾಕಿ ಒಂದೇ ಎಳೆತ. ಸೋಮನೂರಿನಿಂದ ಸೀರೆ ಹೊತ್ತು ಬರುತ್ತಿದ್ದ ನೇಕಾರನಂತೂ ಅವಳ ಮನೆ ಮುಂದೆ ಗಂಟು ಬಿಚ್ಚಲು ಅಂಜುತ್ತಿದ್ದ. ಹದಿನಾರು ಮೊಳದಲ್ಲಿ ಒಂದು ಎಳೆ ತಪ್ಪಿದ್ದರೂ ಅವಳ ಬೆರಳು ಅಲ್ಲೇ ಹೋಗಿ ನಿಲ್ಲುತ್ತಿತ್ತು.

ಅವಳು ಉಡುಮಲೈಪೇಟೆ ಕಡೆಯ ಕನ್ನಡ ಗೌಡರ ಮನೆಯ ಹೆಣ್ಣು. ಅವರ ಹಿರಿಯರು ಮೈಸೂರು ಸೀಮೆಯಿಂದ ಯಾವಾಗ ಇಳಿದು ಬಂದರೋ, ಯಾಕೆ ಬಂದರೋ, ಹೇಳುವವರು ಯಾರೂ ಉಳಿದಿರಲಿಲ್ಲ. ಮನೆಯೊಳಗೆ ಕನ್ನಡ, ಹೊಸಲು ದಾಟಿದರೆ ತಮಿಳು, ಸಿಟ್ಟು ಬಂದರೆ ಎರಡೂ. ಓದಲು ಎರಡೂ ಬಾರದು. ಗಂಡ ಕುಪ್ಪುಸಾಮಿ ಮಿಲ್ಲುಗಳಿಗೆ ಹತ್ತಿ ಹೇರುವ ಗಾಡಿಯವನು. ಅವನನ್ನು ಮದುವೆಯಾಗಿ ಬಂದವಳು ಸರ್ಕಾರದ ಪ್ರಯೋಗದ ತೋಟದಲ್ಲಿ ಕಳೆ ಕೀಳುವ ಕೂಲಿಗೆ ಸೇರಿ, ಹದಿನೈದು ವರ್ಷದಲ್ಲಿ "ಬೀಜದ ಹೊಲಕ್ಕೆ ಬೆಳ್ಳಿಯಮ್ಮನೇ ಬರಲಿ" ಎನ್ನಿಸಿಕೊಳ್ಳುವ ಮಟ್ಟಕ್ಕೆ ಬಂದಿದ್ದಳು. ಬೀಜಕ್ಕೆಂದು ಬೆಳೆಸಿದ ಹೊಲದಲ್ಲಿ ಒಂದೇ ಒಂದು ಕಲಬೆರಕೆ ಗಿಡ ಉಳಿದರೂ ಮುಂದಿನ ವರ್ಷ ನೂರು ಹೊಲ ಕೆಡುತ್ತದೆ. ಆದ್ದರಿಂದ ಕಿತ್ತದ್ದನ್ನು ಬದುವಿನ ಮೇಲೆ ಬಿಸಾಡುವಂತಿಲ್ಲ, ಗುಂಡಿಗೆ ಹಾಕಿ ಅದೇ ಸಂಜೆ ಸುಡಬೇಕು. ಇದು ತೋಟದ ಕಟ್ಟಳೆ, ಅವಳ ಮಟ್ಟಿಗೆ ಹೆಚ್ಚುಕಡಿಮೆ ವ್ರತ.

ಆ ದಿನಗಳನ್ನು ನೆನೆದರೆ ಈಗಲೂ ಮನಸ್ಸು ತಂಪಾಗುತ್ತದೆ. ಬೆಳಗ್ಗೆ ಮಿಲ್ಲಿನ ಸಂಗು, ಅಂದರೆ ಸೈರನ್ನು, ಊದುವ ಹೊತ್ತಿಗೆ ಮರುದಮಲೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಹುಣಸೆ ಮರಗಳ ಸಾಲಿನ ಕೆಳಗೆ ಗಾಡಿಗಳು ಒಂದರ ಹಿಂದೆ ಒಂದು ಸಾಗುತ್ತಿದ್ದವು. ಗಾಡಿಯವರು ಅರ್ಧ ನಿದ್ದೆಯಲ್ಲಿ, ಎತ್ತುಗಳು ಪೂರ್ತಿ ಎಚ್ಚರದಲ್ಲಿ. ಮಧ್ಯಾಹ್ನ ಕೂಲಿ ಹೆಂಗಸರೆಲ್ಲ ಬಾವಿಕಟ್ಟೆಯ ಮೇಲೆ ಕೂತು ರಾಗಿಮುದ್ದೆಯನ್ನೋ ಬೇಯಿಸಿದ ಮರಗೆಣಸನ್ನೋ ಹಸಿಮೆಣಸಿನಕಾಯಿ ಕಚ್ಚಿಕೊಂಡು ತಿನ್ನುತ್ತಿದ್ದರು. ಈಗ ಆ ಬಾವಿಯೂ ಇಲ್ಲ, ಕಟ್ಟೆಯೂ ಇಲ್ಲ. ಆ ಗೆಣಸಿನ ರುಚಿಯನ್ನು ಈಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ.

ಮರಗೆಣಸನ್ನು ಆ ಕಡೆ ಕುಚ್ಚಿಕಿಳಂಗು ಎನ್ನುತ್ತಾರೆ. ಯುದ್ಧದ ವರ್ಷಗಳಲ್ಲಿ ಅಕ್ಕಿ ಕಣ್ಣಿಗೆ ಕಾಣದೆ ಹೋದಾಗ ಎಷ್ಟೋ ಮನೆಗಳ ಒಲೆ ಉರಿದದ್ದು ಅದರಿಂದಲೇ. ಆದರೆ ಕೆಲವು ಗಿಡಗಳ ಗೆಡ್ಡೆ ಕಹಿ. ಕಹಿಯೆಂದರೆ ಬರೀ ನಾಲಿಗೆಗಲ್ಲ, ಒಳಗೆ ವಿಷವೇ ಇರುತ್ತದೆ. ಬೆಳ್ಳಿಯಮ್ಮನ ತಂಗಿಯ ಮಗಳು ಕಮಲಾತಾಳ್ ಸಣ್ಣವಳಿದ್ದಾಗ ಅಂಥದ್ದನ್ನು ತಿಂದು ಎರಡು ದಿನ ಕಣ್ಣು ಬಿಡದೆ ಮಲಗಿದ್ದಳು. ಮಗು ಹೇಗೋ ಉಳಿಯಿತು. ಬೆಳ್ಳಿಯಮ್ಮ ಮಾತ್ರ ಅಂದಿನಿಂದ ಯಾವ ಗೆಣಸನ್ನೂ ಮೊದಲು ಹಸಿಯಾಗಿ ಕಚ್ಚಿ, ಉಗಿದು, ಆಮೇಲೆ ಒಲೆಗೆ ಹಾಕುವ ರೂಢಿ ಇಟ್ಟುಕೊಂಡಳು.

ಐವತ್ತೇಳನೆಯ ಇಸವಿಯಲ್ಲಿ ಈ ಮರಗೆಣಸಿನ ಮೇಲೆ ಕೆಲಸ ಮಾಡಲು ವ್ಯಾಸರಾಯ ಎಂಬ ಹುಡುಗ ಬಂದ. ಹುಡುಗ ಎನ್ನಬಾರದು, ಅಧಿಕಾರಿ. ಆದರೆ ಇಪ್ಪತ್ತಾರು ವರ್ಷದ, ಕತ್ತಿನ ಎಲುಬು ಕಾಣುವ ಆಳನ್ನು ಬೆಳ್ಳಿಯಮ್ಮ ಬೇರೆ ಹೇಗೆ ನೋಡಬೇಕು? ಕೊಯಮತ್ತೂರು ಪೇಟೆಯಲ್ಲೇ ಹುಟ್ಟಿ ಬೆಳೆದ ಕನ್ನಡ ಬ್ರಾಹ್ಮಣರ ಮನೆಯವನು. ಒಂದು ದಿನ ಅವಳು ಬದುವಿನ ಮೇಲೆ ಎಡವಿ ಕಾಲಿಗೆ ಬೈದುಕೊಂಡದ್ದು ಅವನ ಕಿವಿಗೆ ಬಿತ್ತು.

"ಏನಮ್ಮಾ, ಕನ್ನಡದಲ್ಲಿ ಬೈತೀಯಲ್ಲ!"

"ಮನೇಲಿ ಅದೇ ಸಾಮಿ. ಬೈಯಕ್ಕೂ ಅದೇ ಸುಲಭ" ಎಂದಳು ಬೆಳ್ಳಿಯಮ್ಮ. ಅಂದಿನಿಂದ ಅವನ ಮರಗೆಣಸಿನ ಹೊಲಕ್ಕೆ ಅವಳೇ ಖಾಯಂ.

ವ್ಯಾಸರಾಯ ಹಿಡಿದ ಕೆಲಸ ಮಾತ್ರ ವಿಚಿತ್ರದ್ದು. ಮರಗೆಣಸನ್ನು ಬೀಜದಿಂದ ಬೆಳೆಯುವುದಿಲ್ಲ, ಕಾಂಡವನ್ನು ಗೇಣುದ್ದ ಕತ್ತರಿಸಿ ನೆಡುತ್ತಾರೆ. ಹಾಗೆ ಕತ್ತರಿಸಿದ ಇನ್ನೂರು ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಬೆಳ್ಳಿಯಮ್ಮನ ತಲೆ ಮೇಲೆ ಹೊರಿಸಿ, ಒಂದು ಭಾನುವಾರ ಬೆಳಗ್ಗೆ ಪೇಟೆಯ ಆಸ್ಪತ್ರೆಗೆ ಹೊರಟ. ಅಲ್ಲಿ ಗಡ್ಡೆ ಕಾಯಿಲೆಯವರಿಗೆ ಎಕ್ಸ್‌ರೇ ಕೊಡುವ ದೊಡ್ಡ ಯಂತ್ರವಿತ್ತು. ರೋಗಿಗಳಿಲ್ಲದ ಹೊತ್ತಿನಲ್ಲಿ ಅದನ್ನು ಬಳಸಿಕೊಳ್ಳಲು ಅವನು ಎಷ್ಟು ಬಾಗಿಲು ತಟ್ಟಿದ್ದನೋ ದೇವರೇ ಬಲ್ಲ. ಯಂತ್ರ ನಡೆಸುವ ದೇವರಾಜನ್ ಗೋಣಿ ಬಿಚ್ಚಿ ನೋಡಿ ತಮಿಳಿನಲ್ಲಿ ಕೇಳಿದ, "ಇವರಲ್ಲಿ ಯಾರಿಗೆ ಸಾರ್ ಕಾಯಿಲೆ?"

ಕಡ್ಡಿಗಳನ್ನು ಕಂತೆ ಕಂತೆಯಾಗಿ ರೋಗಿಯ ಮೇಜಿನ ಮೇಲೆ ಮಲಗಿಸಿದರು. ಒಂದು ಕಂತೆಗೆ ಕಡಿಮೆ ಹೊತ್ತು, ಇನ್ನೊಂದಕ್ಕೆ ಹೆಚ್ಚು ಹೊತ್ತು. ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದರು. ಒಳಗೆ ಗುಂಯ್ ಎನ್ನುವ ಸದ್ದು ಬಿಟ್ಟರೆ ಏನೂ ಇಲ್ಲ. ಹೊರಗೆ ತಂದ ಮೇಲೆ ಬೆಳ್ಳಿಯಮ್ಮ ಮುಟ್ಟಿ ನೋಡಿದಳು; ಬಿಸಿ ಕೂಡ ಆಗಿರಲಿಲ್ಲ.

"ಇದೆಂತಕ್ಕೆ ಸಾಮಿ?"

"ಒಳ್ಳೇ ಗಿಡ ಬರ್ಲಿ ಅಂತ ಬೆಳ್ಳಿಯಮ್ಮ. ಕಹಿ ಇರಬಾರದು, ಗೆಡ್ಡೆ ಜಾಸ್ತಿ ಬಿಡಬೇಕು."

ಅಷ್ಟೇ ಹೇಳಿದ. ಮಿಕ್ಕದ್ದನ್ನೆಲ್ಲ ತೋಟದ ಮೇಸ್ತ್ರಿ ನಂಜಪ್ಪನ್‌ಗೆ ವಿವರಿಸಿದ್ದ. ಕೂಲಿ ಹೆಂಗಸಿಗೆ ಅದೆಲ್ಲ ಯಾಕೆ ಎಂದು ಅವನಿಗೂ ಅನ್ನಿಸಿತ್ತು, ನಂಜಪ್ಪನ್‌ಗೂ ಅನ್ನಿಸಿತ್ತು. ಓದಿದವರ ದಡ್ಡತನ ಹೀಗೇ ಇರುತ್ತದೆ. ಬೆಳ್ಳಿಯಮ್ಮ ತನಗೆ ತೋಚಿದಂತೆ ಅರ್ಥ ಮಾಡಿಕೊಂಡಳು. ಆಸ್ಪತ್ರೆಗೆ ಒಯ್ದದ್ದು ವಾಸಿಯಾಗಲಿ ಎಂದೇ ತಾನೇ? ಕಡ್ಡಿಗಳಿಗೆ ಚಿಕಿತ್ಸೆಯಾಗಿದೆ. ಗುಣವಾದವು ನೆಟ್ಟಗೆ ಬೆಳೆಯುತ್ತವೆ, ಚಿಕಿತ್ಸೆ ಹಿಡಿಯದವು ಸೊಟ್ಟಗಾಗುತ್ತವೆ.

ಇನ್ನೂರರಲ್ಲಿ ಹೆಚ್ಚಿನವು ಚಿಗುರಲೇ ಇಲ್ಲ. ಅರವತ್ತನಾಲ್ಕು ಉಳಿದವು. ನಾಲ್ಕು ತಿಂಗಳಾಗುವ ಹೊತ್ತಿಗೆ ಅವುಗಳಲ್ಲಿ ಅರ್ಧ, ನೋಡಲು ಬೇಸರವಾಗುವಂತಿದ್ದವು. ಒಂದರ ಎಲೆ ಮುದುಡಿ, ಒಂದರ ಮೇಲೆ ಬಿಳಿ ಮಚ್ಚೆ, ಒಂದು ಮೊಣಕಾಲೆತ್ತರಕ್ಕೇ ನಿಂತು, ಇನ್ನೊಂದು ಸುಮ್ಮನೆ ಕಡ್ಡಿಯಾಗಿ ಮೇಲೆ ಹೋಗಿತ್ತು. ಆಗಲೇ ವ್ಯಾಸರಾಯ ತಂದೆಯ ವರ್ಷಾಂತಿಕಕ್ಕೆಂದು ಹತ್ತು ದಿನ ಕುಂಭಕೋಣಕ್ಕೆ ಹೊರಟ.

"ಬೆಳ್ಳಿಯಮ್ಮ, ನಾನು ಬಂದ ಮಾರನೇ ದಿನವೇ ಮದರಾಸಿಂದ ದೊಡ್ಡ ಅಧಿಕಾರಿ ಬರ್ತಾರೆ. ಅಲ್ಲೀವರೆಗೂ ಹೊಲ ಚೆನ್ನಾಗಿ ನೋಡ್ಕೋ. ನಿನ್ನ ನಂಬಿ ಹೋಗ್ತಿದೀನಿ."

ನಂಬಿ ಹೋಗುತ್ತಿದ್ದೇನೆ ಎಂದ ಮೇಲೆ ಕೇಳಬೇಕೇ? ಮನೆಗೆ ನೆಂಟರು ಬರುತ್ತಾರೆಂದರೆ ಅಂಗಳ ಗುಡಿಸದವರುಂಟೇ? ದೊಡ್ಡವರು ಬಂದು ಈ ಕುಂಟು ಕುರುಡು ಗಿಡಗಳನ್ನು ನೋಡಿದರೆ ಹುಡುಗನ ಮರ್ಯಾದೆ ಏನಾದೀತು? ಎಂಟನೆಯ ದಿನ ಬೆಳಗ್ಗೆ ಬೆಳ್ಳಿಯಮ್ಮ ಸೆರಗು ಸಿಕ್ಕಿಸಿ ಸಾಲಿಗೆ ಇಳಿದಳು. ಬಿಸಿಲೇರುವ ಮೊದಲೇ ಮೂವತ್ತೊಂದು ಗಿಡ ಕಿತ್ತಳು. ಗುಂಡಿಗೆ ಹಾಕಿ, ಒಣಹುಲ್ಲು ಹೊದೆಸಿ, ಸಂಜೆ ತಾನೇ ಬೆಂಕಿ ಇಟ್ಟಳು. ನಂಜಪ್ಪನ್ ದೂರದಿಂದ ಹೊಗೆ ನೋಡಿ ಹತ್ತಿ ಹೊಲದ ಕಸವಿರಬೇಕೆಂದುಕೊಂಡ. ಉಳಿದ ಮೂವತ್ತಮೂರು ಗಿಡ ಒಂದೇ ತಾಯಿಯ ಮಕ್ಕಳಂತೆ ನಿಂತಿದ್ದವು. ಅವಳಿಗೆ ನೋಡಿ ತೃಪ್ತಿಯಾಯಿತು.

ವ್ಯಾಸರಾಯ ಬಂದವನು ಸೀದಾ ಹೊಲಕ್ಕೇ ಬಂದ. ಮೊದಲ ಸಾಲು ನೋಡಿದ, ಎರಡನೆಯದು ನೋಡಿದ. ಆಮೇಲೆ ಬದುವಿನ ಮೇಲೆ ತಲೆಗೆ ಕೈ ಹೊತ್ತು ಕೂತುಬಿಟ್ಟ. ನಂಜಪ್ಪನ್ ಓಡಿ ಬಂದು, ನೋಡಿ, ಬಿಳಿಚಿಕೊಂಡ. ಅವನೇ ಬೆಳ್ಳಿಯಮ್ಮನನ್ನು ಪಕ್ಕಕ್ಕೆ ಕರೆದು ತಮಿಳಿನಲ್ಲಿ ಪಿಸುಗುಟ್ಟಿದ. "ಸರ್ವನಾಶ ಮಾಡಿಬಿಟ್ಟೆಯಲ್ಲ! ಅವರು ಹುಡುಕುತ್ತಿದ್ದದ್ದೇ ಆ ಸೊಟ್ಟ ಗಿಡಗಳನ್ನು. ಎಕ್ಸ್‌ರೇ ಹೊಡೆಸಿದ್ದೇ ಗಿಡದ ಹುಟ್ಟುಗುಣ ಕೆಡಿಸಲಿಕ್ಕೆ. ಕೆಟ್ಟವು ನೂರಾದರೆ ಅದರಲ್ಲಿ ಎಲ್ಲೋ ಒಂದು, ತಾಯಿಗಿಂತ ಒಳ್ಳೆಯದಾಗಿ ಬರುತ್ತದಂತೆ. ನೋಡು, ಬಾಯಿ ಮುಚ್ಚಿಕೊಂಡಿರು. ಹಂದಿ ನುಗ್ಗಿತ್ತು ಎಂದು ನಾನು ಹೇಳುತ್ತೇನೆ."

ನಂಜಪ್ಪನ್ ಕೆಟ್ಟವನಲ್ಲ, ಅವಳ ಕೂಲಿ ಹೋಗದಿರಲಿ ಎಂದೇ ಹೇಳಿದ್ದು. ಆದರೆ ಹದಿನೈದು ವರ್ಷ ತನ್ನ ಕಣ್ಣಿನ ಮೇಲೆ ಬದುಕಿದವಳು, ಹಂದಿಯ ಹೆಸರು ಹೇಳಿ ಹೇಗೆ ತಪ್ಪಿಸಿಕೊಂಡಾಳು? ಹೋಗಿ ವ್ಯಾಸರಾಯನ ಮುಂದೆ ನಿಂತಳು.

"ತಪ್ಪಾಗೋಯ್ತು ಸಾಮಿ. ನಾನೇ ಕಿತ್ತೆ. ಮೂವತ್ತೊಂದು. ಸುಟ್ಟೂ ಬುಟ್ಟೆ."

"ಸುಟ್ಟೂ ಬಿಟ್ಯಾ?" ಅವನು ತಲೆಯಿಂದ ಕೈ ತೆಗೆದ. "ನಾನು ಇನ್ನೂ ಒಂದರ ಎಲೆ ಕೂಡ ಅಳೆದಿರಲಿಲ್ಲ, ಬೆಳ್ಳಿಯಮ್ಮ!"

ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಅವನು ಬೈಯಲಿಲ್ಲ. ಎದ್ದು ಕಚೇರಿಗೆ ಹೋದ.

ಮಾರನೆಯ ದಿನ ಮದರಾಸಿನ ದೊಡ್ಡ ಅಧಿಕಾರಿ ಬಂದು ಎಲ್ಲ ಒಂದೇ ಥರದ ಮೂವತ್ತಮೂರು ಗಿಡ ನೋಡಿ, ಇಂಗ್ಲಿಷಿನಲ್ಲಿ ಏನೇನೋ ಕೇಳಿ, ಜೀಪು ಹತ್ತಿ ಹೋದರು. ಅವರು ಹೇಳಿದ್ದೇನೆಂದು ಆಮೇಲೆ ನಂಜಪ್ಪನ್ ತಿಳಿಸಿದ. ಈ ಗಿಡಗಳ ಗೆಡ್ಡೆ ಕೀಳುವುದರೊಳಗೆ ಏನಾದರೂ ಹೊಸತು ತೋರಿಸಿದರೆ ಸರಿ. ಇಲ್ಲವಾದರೆ ಎಕ್ಸ್‌ರೇ ಕೆಲಸ ಅಲ್ಲಿಗೆ ಬಂದ್, ಆ ಜಾಗ ಹತ್ತಿಗೆ ಬೇಕು. ಮಿಕ್ಕ ಗಿಡಗಳೇನಾದವು ಎಂದು ಕೇಳಿದ್ದಕ್ಕೆ ವ್ಯಾಸರಾಯ, "ತಪ್ಪು ನನ್ನದು, ಕೆಲಸದವರಿಗೆ ನಾನು ಸರಿಯಾಗಿ ಹೇಳಿರಲಿಲ್ಲ" ಎಂದನಂತೆ. ಅವಳ ಹೆಸರನ್ನೇ ಎತ್ತಲಿಲ್ಲವಂತೆ.

ಅದನ್ನು ಕೇಳಿ ಬೆಳ್ಳಿಯಮ್ಮ ಬಾವಿಕಟ್ಟೆಯ ಹಿಂದೆ ಹೋಗಿ ಅತ್ತಳು. ಮನೆಗೆ ಬಂದು ಕುಪ್ಪುಸಾಮಿಗೆ ಹೇಳಿದರೆ ಅವನು, "ಗಿಡ ತಾನೇ ಬಿಡು, ಮನುಷ್ಯರನ್ನೇನೂ ಸುಡಲಿಲ್ಲವಲ್ಲ" ಎಂದ. ಅವನ ಲೆಕ್ಕದಲ್ಲಿ ಅದು ಸಮಾಧಾನದ ಮಾತು. ಮೂರು ದಿನ ಅವಳು ಅವನೊಡನೆ ಮಾತು ಬಿಟ್ಟಳು.

ಆಮೇಲೆ ಅವಳಿಗೆ ಒಂದು ಹಟ ಹಿಡಿಯಿತು. ಮಧ್ಯಾಹ್ನ ಮಿಕ್ಕವರು ಊಟಕ್ಕೆ ಕೂತಾಗ ಅವಳು ಮರಗೆಣಸಿನ ಸಾಲುಗಳಲ್ಲಿ ನಡೆಯತೊಡಗಿದಳು. ಮೂವತ್ತಮೂರು ಗಿಡ, ಒಂದೊಂದನ್ನೂ ಬುಡದಿಂದ ತುದಿಯವರೆಗೆ. ಇಷ್ಟು ದಿನ ತಪ್ಪಿದ್ದನ್ನು ಕಂಡ ತಕ್ಷಣ ಕೈ ಮುಂದಾಗುತ್ತಿತ್ತು. ಈಗ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡಬೇಕು. ನೋಡಲು ಏನೂ ಇರಲಿಲ್ಲ, ಯಾಕೆಂದರೆ ಕಣ್ಣಿಗೆ ಬೀಳುವಂಥದ್ದನ್ನೆಲ್ಲ ತಾನೇ ಕಿತ್ತು ಹಾಕಿದ್ದಳು. ಜೊತೆಯ ರಾಮಾಯಿ, "ಅಕ್ಕನಿಗೆ ಗಾಳಿ ಮೆಟ್ಟಿಕೊಂಡಿದೆ" ಎಂದು ನಕ್ಕಳು. ಬೆಳ್ಳಿಯಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ವಾರ ಹೋಯಿತು, ಎರಡು ವಾರ ಹೋಯಿತು.

ಹತ್ತೊಂಬತ್ತನೆಯ ದಿನ ನಾಲ್ಕನೆಯ ಸಾಲಿನ ಕೊನೆಯ ಗಿಡದ ಮುಂದೆ ನಿಂತಳು. ಆ ಗಿಡಕ್ಕೆ ಮೂರು ಕೊಂಬೆ. ಆ ಜಾತಿಯ ಎಲೆತೊಟ್ಟು ಕೆಂಪು. ಎರಡು ಕೊಂಬೆಗಳಲ್ಲಿ ಕೆಂಪೇ ಇತ್ತು. ಮೂರನೆಯದರಲ್ಲಿ, ಒಳಗಡೆ ನೆರಳಿಗೆ ತಿರುಗಿದ್ದ ಕೊಂಬೆಯಲ್ಲಿ, ತೊಟ್ಟು ಎಳೆಹಸಿರು. ನೆರಳಿಗೆ ಹಾಗಿರಬಹುದೆಂದು ಕೊಂಬೆಯನ್ನು ಬಾಗಿಸಿ ನೋಡಿದಳು. ಬುಡದಿಂದ ತುದಿಯವರೆಗೆ ಹಸಿರೇ. ಗಿಡವೆಲ್ಲ ನೆಟ್ಟಗೆ ಚೆನ್ನಾಗಿದ್ದದ್ದರಿಂದ ಅಂದು ಅವಳ ಕೈಯಿಂದ ಅದು ಉಳಿದಿತ್ತು. ಅವಳು ಕಚೇರಿಗೆ ಓಡಿದಳು.

"ಕೊಂಜ ಬಂದು ನೋಡಿ ಸಾಮಿ. ನಾನು ಮುಟ್ಟಿಲ್ಲ. ನೀವೇ ಬಂದು ನೋಡಿ."

ವ್ಯಾಸರಾಯ ಬಂದ, ನೋಡಿದ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. "ಕಿರಣ ಒಂದು ಮೊಗ್ಗಿಗೆ ಮಾತ್ರ ತಾಗಿದೆ ಬೆಳ್ಳಿಯಮ್ಮ. ಮಿಕ್ಕ ಗಿಡ ತಾಯಿ ಹಾಗೇ ಇದೆ, ಈ ಕೊಂಬೆ ಮಾತ್ರ ಬೇರೆ. ನಾನು ಎಷ್ಟು ಸಲ ಇದರ ಪಕ್ಕ ಹಾದು ಹೋಗಿದೀನಿ!" ಎಂದ. ಹೆಚ್ಚುಕಡಿಮೆ ಒಂದು ತಿಂಗಳಿಂದ ಅವಳ ಮುಖ ನೋಡಿ ಮಾತಾಡದವನು ಆ ದಿನ ಮಾತಾಡಿದ.

ಬಲಿತ ಮೇಲೆ ಆ ಕೊಂಬೆಯಿಂದ ಹನ್ನೊಂದು ಕಡ್ಡಿ ಸಿಕ್ಕವು. ಮದರಾಸಿಗೆ ಕಾಗದ ಬರೆದು, ಆ ಹನ್ನೊಂದು ಬೆಳೆಯುವವರೆಗೆ ಜಾಗ ಬಿಡಿಸಬೇಡಿ ಎಂದು ಬೇಡಿ, ಪಕ್ಕದಲ್ಲೇ ತಾಯಿ ಜಾತಿಯ ಹನ್ನೊಂದು ಕಡ್ಡಿಯನ್ನೂ ನೆಟ್ಟರು. ಐವತ್ತೆಂಟರ ವರ್ಷವೆಲ್ಲ ಬೆಳ್ಳಿಯಮ್ಮ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ಎರಡು ಸಾಲು ಕಾದಳು. ಮಾರ್ಗಳಿ ತಿಂಗಳ ಚಳಿಯಲ್ಲಿ ಕೀಳುವ ದಿನ ಬಂತು. ದೊಡ್ಡ ಅಧಿಕಾರಿಯೂ ಮಫ್ಲರ್ ಸುತ್ತಿಕೊಂಡು ಬಂದಿದ್ದರು. ನಂಜಪ್ಪನ್ ಗಿಡ ಅಲ್ಲಾಡಿಸಿ ಎತ್ತಿದ; ಗೆಡ್ಡೆಗಳು ಗೊನೆಗೊನೆಯಾಗಿ ಮೇಲೆ ಬಂದವು. ತೂಗಿದರು. ಹಸಿರು ತೊಟ್ಟಿನದು ತಾಯಿಗಿಂತ ಹೆಚ್ಚೇನೂ ತೂಗಲಿಲ್ಲ, ಕಡಿಮೆಯೂ ಆಗಲಿಲ್ಲ. ದೊಡ್ಡ ಅಧಿಕಾರಿಯ ಮುಖ ಅರಳಲಿಲ್ಲ.

ಇನ್ನು ಉಳಿದದ್ದು ಕಹಿಯ ಪರೀಕ್ಷೆ. ಗೆಡ್ಡೆಯ ಚೂರನ್ನು ಸೀಸೆಗೆ ಹಾಕಿ, ಮೇಲೆ ಒಂದು ಹಳದಿ ಕಾಗದ ತೂಗುಬಿಡುತ್ತಾರೆ. ವಿಷವಿದ್ದಷ್ಟೂ ಕಾಗದ ಕೆಂಪಾಗುತ್ತದೆ. ಅದಕ್ಕೆ ಹೊತ್ತು ಹಿಡಿಯುತ್ತದೆ. ಎಲ್ಲರೂ ಕಾಗದದ ಕಡೆ ನೋಡುತ್ತ ನಿಂತಿದ್ದಾಗ ಬೆಳ್ಳಿಯಮ್ಮ ಕುಡುಗೋಲಿನಿಂದ ಒಂದು ಹೋಳು ಕೊಯ್ದು ಹಸಿಯಾಗಿ ಕಚ್ಚಿದಳು. ನಾಲಿಗೆಯ ಹಿಂದಕ್ಕೂ ಮುಂದಕ್ಕೂ ಹೊರಳಿಸಿದಳು. ಉಗಿಯಲಿಲ್ಲ, ನುಂಗಿದಳು.

"ಕಹಿ ಇಲ್ಲ ಸಾಮಿ. ಮಕ್ಕಳಿಗೆ ಕೊಡಬೋದು" ಎಂದಳು.

ಕಾಗದ ಆಮೇಲೆ ಅದನ್ನೇ ಹೇಳಿತು. ತಾಯಿಯ ಸೀಸೆಯಲ್ಲಿ ಇಟ್ಟಿಗೆ ಬಣ್ಣ, ಇದರಲ್ಲಿ ಹಳದಿಯೇ. ದೊಡ್ಡ ಅಧಿಕಾರಿ ಇನ್ನೂ ಎರಡು ವರ್ಷ ಕೆಲಸ ನಡೆಯಲಿ ಎಂದರು. ಅವರು ಹೋದ ಮೇಲೆ ರಾಮಾಯಿ ಮೂರು ಕಲ್ಲು ಹೂಡಿ ಮಡಕೆಯಲ್ಲಿ ಗೆಣಸು ಬೇಯಿಸಿದಳು. ಮನೆಯ ಹೊರಗೆ ಒಂದು ತೊಟ್ಟು ನೀರೂ ಕುಡಿಯದ ವ್ಯಾಸರಾಯ, ಯಾರೂ ಕರೆಯದೆ, ಬಾವಿಕಟ್ಟೆಯ ಮೇಲೆ ಅವರ ಪಕ್ಕ ಕೂತು ಒಂದು ತುಂಡು ತೆಗೆದುಕೊಂಡು ತಿಂದ. ನಂಜಪ್ಪನ್ ಏನೂ ನೋಡದವನಂತೆ ಎತ್ತುಗಳ ಕಡೆ ತಿರುಗಿಕೊಂಡ. ಹಿಟ್ಟುಹಿಟ್ಟಾಗಿ ಬೆಂದ ಆ ಗೆಣಸನ್ನು, ಆ ಚಳಿ ಬಿಸಿಲನ್ನು ಬೆಳ್ಳಿಯಮ್ಮ ಸಾಯುವವರೆಗೂ ಹೇಳಿಕೊಳ್ಳುತ್ತಿದ್ದಳು. ಆ ಹೊಸ ಜಾತಿಯಿಂದ ನಾಡಿನ ಹಸಿವೆಲ್ಲ ನೀಗಿತು ಎಂದೇನೂ ಇಲ್ಲ. ಸುತ್ತಲಿನ ಒಂದಷ್ಟು ಮನೆಗಳ ಹಿತ್ತಲಿಗೆ ಆ ಗಿಡ ಹೋಯಿತು, ಅಷ್ಟೇ.

ಅಂದು ಕಟ್ಟೆಯ ಮೇಲೆ ತಿನ್ನುತ್ತಾ ಅವಳು ಕೇಳಿದಳು, "ನಾನು ಸುಟ್ಟದ್ದರಲ್ಲಿ ಇದಕ್ಕಿಂತ ಒಳ್ಳೇದು ಇದ್ದಿತ್ತಾ ಸಾಮಿ?"

"ಎಲ್ಲಾ ಕೆಟ್ಟವೇ ಇರಬಹುದು, ಬೆಳ್ಳಿಯಮ್ಮ."

"ಇರಬೋದು" ಎಂದಳು. ಕೈಲಿದ್ದ ತುಂಡನ್ನು ಮುರಿದು, "ಇಲ್ದೇನೂ ಇರಬೋದು" ಎಂದಳು.

ಅಲ್ಲಿಂದಾಚೆಗೆ ಅವಳ ಕೈ ನಿಧಾನವಾಯಿತು. ಹತ್ತಿಯ ಬೀಜದ ಹೊಲದಲ್ಲಿ ಮುಂಚೆ ಅರ್ಧ ದಿನಕ್ಕೆ ಮುಗಿಸುತ್ತಿದ್ದ ಕೆಲಸ ಎರಡು ದಿನವಾದರೂ ಮುಗಿಯುತ್ತಿರಲಿಲ್ಲ. ಬೇರೆಯಾಗಿ ಕಂಡ ಪ್ರತಿ ಗಿಡದ ಮುಂದೆಯೂ ಕುಕ್ಕರಗಾಲಲ್ಲಿ ಕೂತು, ಎಲೆ ತಿರುವಿ, ಕಾಂಡ ಸವರಿ, ಇದು ಏನಾಗಲು ಹೊರಟಿತ್ತೋ ಎಂದು ನೋಡುತ್ತಾ ಕೂರುವಳು. ಹತ್ತಿ ವಿಭಾಗದವರು ಎರಡು ಸಲ ಹೇಳಿ ನೋಡಿ, ಮೂರನೆಯ ಸಲ ಅವಳ ಬದಲು ರಾಮಾಯಿಯನ್ನು ಕರೆಸಿಕೊಂಡರು. ಬೀಜದ ಹೊಲದ ಬೆಳ್ಳಿಯಮ್ಮ ಎಂಬ ಹೆಸರು ಹಾಗೆ ಹೋಯಿತು. ಅವಳಿಗೆ ಅದರಿಂದ ಬೇಸರವಾಗಲಿಲ್ಲ ಎಂದರೆ ಸುಳ್ಳು. ಆದರೂ ವ್ಯಾಸರಾಯನ ಹೊಲವೊಂದೇ ಸಾಕು ಎಂದುಕೊಂಡಳು.

ಐವತ್ತೊಂಬತ್ತರಲ್ಲಿ ಹೊಸದಾಗಿ ಕಡ್ಡಿಗಳನ್ನು ಆಸ್ಪತ್ರೆಗೆ ಒಯ್ದು ತಂದು ನೆಟ್ಟರು. ಅವುಗಳಲ್ಲಿ ಒಂದು ಮಾತ್ರ ಹುಟ್ಟುವಾಗಲೇ ಪೀಚಲು. ಗೇಣುದ್ದ ಎದ್ದು, ಮೂರೇ ಎಲೆ ಬಿಟ್ಟು, ಅವೂ ಬಿಳುಚಿಕೊಂಡು ನಿಂತಿತ್ತು. ಕಳೆ ಕೀಳಲು ಹೊಸದಾಗಿ ಸೇರಿದ್ದ ಕನ್ನಿಯಮ್ಮಾಳ್ ಅದರ ಬುಡಕ್ಕೆ ಕೈ ಹಾಕಿದಾಗ ಬೆಳ್ಳಿಯಮ್ಮ ಅವಳ ಮಣಿಕಟ್ಟಿಗೆ ಫಟ್ಟನೆ ಹೊಡೆದಳು. ಆಮೇಲೆ ದಿನಾ ಬೆಳಗ್ಗೆ ತಂಬಿಗೆಯಲ್ಲಿ ನೀರು ತಂದು ಹಾಕಿದಳು. ಬಿಸಿಲು ಜೋರಾದಾಗ ತೆಂಗಿನ ಗರಿ ನೆಟ್ಟು ನೆರಳು ಮಾಡಿದಳು. ಅದರಿಂದ ಏನೂ ಬರುವುದಿಲ್ಲವೆಂದು ವ್ಯಾಸರಾಯನಿಗೆ ಗೊತ್ತಿತ್ತು, ಆದರೆ ಅವನು ಹೇಳಲಿಲ್ಲ.

ಆರನೆಯ ವಾರ, ಒಂದು ಬೆಳಗ್ಗೆ, ಕಚೇರಿಯ ಬಾಗಿಲಲ್ಲಿ ಬೆಳ್ಳಿಯಮ್ಮ ಬಂದು ನಿಂತಳು. ಕೈಯಲ್ಲಿ ಏನೂ ಇರಲಿಲ್ಲ. ತಲೆಯ ಮೇಲೆ ಸೆರಗು ಹೊದ್ದಿದ್ದಳು. ವ್ಯಾಸರಾಯ ಬರೆಯುತ್ತಿದ್ದದ್ದನ್ನು ನಿಲ್ಲಿಸಿದ.

"ಆ ಚಿಕ್ಕದು ಹೋಯ್ತು ಸಾಮಿ" ಎಂದಳು. "ಅಲ್ಲೇ ನಿಂತದೆ, ಬಂದು ನೋಡಿ. ತಾನಾಗೇ ಹೋಯ್ತು. ನಾನು ಕಿತ್ತಿಲ್ಲ."

ವ್ಯಾಸರಾಯ ಕುರ್ಚಿಯಿಂದ ಎದ್ದು, ಮೇಜಿನ ಈಚೆಗೆ ಬಂದು, ಅವಳ ಜೊತೆಗೆ ಹೊಲಕ್ಕೆ ನಡೆದ.